ಮಾರಿದ ಹೆಸರು, ಹೊಡೆಯದ ಗಂಟೆ

ಮನ್ರೋ ಕ್ರೀಕ್, ಪೆನ್ಸಿಲ್ವೇನಿಯಾ
3 ಡಿಸೆಂಬರ್ 2024

ವಾಸಿಲ್,

ಜೈಲಿನಿಂದ ಇನ್ನು ಫೋನು ಮಾಡಬೇಡ. ಮೂರು ಸಲ ಮಾಡಿದೆ, ಮೂರು ಸಲವೂ ನಾನು ಎತ್ತಲಿಲ್ಲ. ಆಡಿದ ಮಾತನ್ನೆಲ್ಲ ಅವರು ಹಿಡಿದಿಟ್ಟುಕೊಳ್ಳುತ್ತಾರೆಂದು ವಕೀಲ ಹೇಳಿದ. ಕಾಗದವನ್ನೂ ಒಡೆದು ಓದುತ್ತಾರಂತೆ. ಓದಲಿ. ಕಾಗದದಲ್ಲಿ ಮಾತು ನನ್ನ ಹಿಡಿತದಲ್ಲಿರುತ್ತದೆ.

ನಿನ್ನ ತಮ್ಮ ಡಾನ್ಕೊನ ಎಡಗಣ್ಣನ್ನು ತೆಗೆದುಹಾಕಿದರು. ಉಳಿಸಲು ಎರಡು ದಿನ ನೋಡಿದರು, ಆಗಲಿಲ್ಲ. ಕೆನ್ನೆಯ ಮೂಳೆ ಮೂರು ತುಂಡಾಗಿದೆ, ದವಡೆಗೆ ತಂತಿ ಕಟ್ಟಿದ್ದಾರೆ, ಎರಡು ಪಕ್ಕೆಲುಬು ಹೋಗಿವೆ. ಕೊಳವೆಯಲ್ಲಿ ಸೂಪು ಕುಡಿಯುತ್ತಾನೆ. ನಿನ್ನ ಹೆಸರು ಅವನ ಬಾಯಲ್ಲಿ ಬಂದಿಲ್ಲ. ನನ್ನದೂ ಬಂದಿಲ್ಲ.

ಬಾಕ್ಸಿಂಗ್ ರಿಂಗಿನ ಕ್ಯಾನ್ವಾಸನ್ನು ನಾನೇ ತೊಳೆದೆ. ತಣ್ಣೀರು, ಉಪ್ಪು, ಬಿರುಸು ಬ್ರಷ್ಷು. ಬಿಸಿನೀರು ಹಾಕಿದರೆ ರಕ್ತ ಬಟ್ಟೆಯನ್ನು ಬಿಡುವುದಿಲ್ಲ. ನಿಮ್ಮಪ್ಪನ ಗರಡಿಯಲ್ಲಿ ನಲವತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು. ಆದರೂ ಒಂದು ಕಲೆ ಉಳಿದಿದೆ, ಅಂಗೈಯಷ್ಟು ಅಗಲ, ನಾನು ಗಂಟೆ ಹಿಡಿದು ಕೂರುವ ಮೂಲೆಯ ಕಡೆಗೆ. ಒಂದು ಹಲ್ಲೂ ಸಿಕ್ಕಿತು. ಡಬ್ಬಿಯಲ್ಲಿಟ್ಟಿದ್ದೇನೆ.

ಪೊಲೀಸರು ಬಂದಾಗ ಆ ಎಳೆಯ ಅಧಿಕಾರಿ ನನ್ನ ಮುಂದೆ ಮೊಣಕಾಲೂರಿ, "ಹೆದರಿಬಿಟ್ರಾ ಅಜ್ಜಿ, ಕೈ ನಡುಗ್ತಾ, ಗಂಟೆ ಹೊಡೆಯೋಕಾಗ್ಲಿಲ್ವಾ?" ಎಂದು ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಅದನ್ನೇ ಬರೆದುಕೊಂಡ.

ಉಣ್ಣೆಯ ಕಾಲುಚೀಲ ಕಳಿಸಿದ್ದೆ. ಅನುಮತಿಯಿಲ್ಲವೆಂದು ವಾಪಸು ಬಂತು. ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡ.

ನಿನ್ನ ತಾಯಿ,
ತೆಕ್ಲಾ ಝುರ್ಕೊ


ಜಿಲ್ಲಾ ಜೈಲು
15 ಡಿಸೆಂಬರ್ 2024

ಅಮ್ಮಾ,

ನಡೆದದ್ದನ್ನೆಲ್ಲ ಮೊದಲಿನಿಂದ ಬರೆದುಕೊಡು ಎಂದು ವಕೀಲ ಹೇಳಿದ. ಅದನ್ನೇ ನಿನಗೂ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದು.

ಇಂಟರ್‌ನೆಟ್ಟಿನಲ್ಲಿ ನಮ್ಮ ಮನೆತನದ ಹೆಸರನ್ನು ಅಪ್ಪ ಕೊಂಡದ್ದು 1995ರಲ್ಲಿ. ಡೊಮೈನ್ ಎಂದರೆ ವೆಬ್‌ಸೈಟಿನ ವಿಳಾಸ ಎಂದು ಈ ಕಣಿವೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗರಡಿಯ ಪಂದ್ಯಗಳ ಪಟ್ಟಿ, ನಮ್ಮೆಲ್ಲರ ಫೋಟೋ, ಎಲ್ಲ ಅದರಲ್ಲಿತ್ತು. ಗರಡಿ ಮುಚ್ಚಿದ ಮೇಲೆ ನಾನು ಅದನ್ನು ತೆರೆದು ನೋಡಿರಲಿಲ್ಲ. ಝುರ್ಕೊ, ಅಷ್ಟೇ. ಆ ಹೆಸರನ್ನು ಚಡ್ಡಿಯ ಮೇಲೆ ಹೊಲಿಸಿಕೊಂಡು ನಾನು ಮೂವತ್ತೊಂದು ಪಂದ್ಯ ಆಡಿದೆ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ, ಇನ್ನು ಅದು ನಿನ್ನದು ಎಂದು ನೀನೇ ಹೇಳಿದ್ದೆ. ವರ್ಷವರ್ಷದ ಶುಲ್ಕ ಕಟ್ಟಿ ನೋಡಿಕೊಳ್ಳಲು ಡಾನ್ಕೊನಿಗೆ ಬಿಟ್ಟಿದ್ದೆವು, ಏಕೆಂದರೆ ಅವನ ದಂಧೆಯೇ ಅದು. ಇಂಥ ನಾನೂರು ಹೆಸರು ಅಗ್ಗಕ್ಕೆ ಕೊಂಡಿಟ್ಟುಕೊಂಡು, ಬೇಕಾದವರು ಬಂದಾಗ ದುಬಾರಿಗೆ ಮಾರುವುದು. ಉಕ್ಕಿನ ಕಾರ್ಖಾನೆಯ ಕೋಕ್ ಒಲೆಯ ಮುಂದೆ ನನ್ನ ಪಾಳಿ ಕಡಿಮೆಯಾದ ಮೇಲೆ ಗರಡಿಯನ್ನು ಮತ್ತೆ ತೆರೆಯಬೇಕು, ಆ ಹೆಸರನ್ನು ಮತ್ತೆ ಏಳಿಸಬೇಕು ಎಂದುಕೊಂಡಿದ್ದೆ. ಅದೂ ನಿನಗೆ ಗೊತ್ತು.

ನವೆಂಬರ್ 17ರ ಭಾನುವಾರ ನಿನ್ನ ಅಡುಗೆಮನೆಯ ಮೇಜಿನ ಮೇಲೆ ಡಾನ್ಕೊ ತಂದಿಟ್ಟ ತೆರಿಗೆ ಕಚೇರಿಯ ಕಾಗದ ಬಿದ್ದಿತ್ತು. ಓದಿದೆ. ಎರಡು ವರ್ಷದ ಹಿಂದೆ ಹೆಸರು ಮೂರು ಲಕ್ಷ ನಲವತ್ತು ಸಾವಿರ ಡಾಲರಿಗೆ ಹೋಗಿದೆ. ಯಾರಿಗೆ ಎಂದು ಎದುರಿಗೆ ಕೂತಿದ್ದ ಅವನನ್ನೇ ಕೇಳಿದೆ. ಮೂಲವ್ಯಾಧಿಯ ಮುಲಾಮು ಮಾಡುವ ಕಂಪನಿಗೆ ಎಂದ. ಹೇಳುವಾಗ ನಕ್ಕ ಅಮ್ಮಾ. ಹೆದರಿದಾಗ ಅವನು ನಗುತ್ತಾನೆ ಎಂಬುದು ನನಗೆ ನೆನಪಾದದ್ದು ಇಲ್ಲಿಗೆ ಬಂದ ಮೇಲೆ.

"ಅಮ್ಮಾ, ನೀನು ಕೊಟ್ಯಾ ಇವನಿಗೆ?" ಎಂದು ಕೇಳಿದೆ. ನೀನು ಕಾಫಿ ಬಗ್ಗಿಸುತ್ತಿದ್ದೆ. ಮೂರನೆಯ ಲೋಟ ತುಂಬಿಸಿ ಕೂತೆ. ಮಾತಾಡಲಿಲ್ಲ. ಅವನು ನಿನ್ನ ಮುಖ ನೋಡಿದ, ಅವನೂ ಮಾತಾಡಲಿಲ್ಲ. ಆಗ ಅವನ ಕುತ್ತಿಗೆ ಹಿಡಿದು ಬೀರುವಿಗೆ ಬಡಿದೆ. ಗಾಜು ಒಡೆಯಿತು. ನೀನು ಎದ್ದು, "ನನ್ನ ಅಡುಗೆಮನೇಲಿ ಬೇಡ. ಗರಡಿಗೆ ನಡೀರಿ" ಎಂದೆ.

ಮನೆಯ ಜಗಳಕ್ಕೆ ತಾತನ ಕಾಲದಿಂದ ಇರುವ ನಿಯಮವೇ. ಗ್ಲೌಸ್ ಇಲ್ಲ, ಬಟ್ಟೆ ಪಟ್ಟಿ ಸುತ್ತಿದ ಕೈ, ಮೂರು ನಿಮಿಷದ ಮೂರು ಸುತ್ತು, ಗಂಟೆ, ಸುತ್ತಿನ ಗಡಿಯಾರ ಎರಡೂ ನಿನ್ನ ಕೈಯಲ್ಲಿ. ಅದಾದ ಮೇಲೆ ಜಗಳದ ಮಾತು ಎತ್ತುವಂತಿಲ್ಲ.

ಮೊದಲ ಸುತ್ತಿನಲ್ಲಿ ಅವನು ನನ್ನ ಬಾಯಿಗೆ ಕೊಟ್ಟ, ಹುಬ್ಬು ಸೀಳಿದ. ಎರಡನೆಯದರಲ್ಲಿ ಅವನ ಪಕ್ಕೆ ಮುರಿದ ಸದ್ದು ನನ್ನ ಮುಷ್ಟಿಗೇ ಕೇಳಿಸಿತು. ಸುತ್ತು ಮುಗಿದಾಗ ಅವನು ನಿನ್ನ ಮೂಲೆಗೆ ಬಂದು ಏನೋ ಹೇಳಿದ. ಮೂರನೆಯದರಲ್ಲಿ ಅವನ ಕೈ ಸರಿಯಾಗಿ ಏಳುತ್ತಿರಲಿಲ್ಲ. ದವಡೆಗೆ ಕೊಟ್ಟೆ, ಬಾಯಿಗೆ ಕೊಟ್ಟೆ, ಹಗ್ಗಕ್ಕೆ ಒರಗಿಸಿ ಕೊಟ್ಟೆ. ನನ್ನ ಮೈಗೆ ಮೂರು ನಿಮಿಷ ಎಷ್ಟೆಂದು ಗೊತ್ತು. ಮೂರು ನಿಮಿಷ ಮುಗಿಯಿತು. ಗಂಟೆ ಬರಲಿಲ್ಲ. ಗಂಟೆ ಬರುವವರೆಗೆ ಕೈ ಇಳಿಸಬಾರದೆಂದು ನಮಗೆ ಕಲಿಸಿದವಳು ನೀನು.

ಆಮೇಲೆ ಅವನು ಕೈ ಇಳಿಸಿ ಬಲಕ್ಕೆ ತಿರುಗಿದ. ತಿರುಗಿದ್ದಾನೆಂದು ಗೊತ್ತಾಗುವ ಹೊತ್ತಿಗೆ ನನ್ನ ಮುಷ್ಟಿ ಹೊರಟಾಗಿತ್ತು.

ನಿನ್ನ ಕೈ ನಡುಗಿತೆಂದು ಪೊಲೀಸರು ಬರೆದಿದ್ದಾರೆ. ನಿನ್ನ ಕೈ ನಡುಗಿದ್ದನ್ನು ನಾನು ಒಂದು ಸಲವೂ ನೋಡಿಲ್ಲ.

ವಾಸಿಲ್


ಮನ್ರೋ ಕ್ರೀಕ್
6 ಜನವರಿ 2025

ವಾಸಿಲ್,

ನಿನ್ನ ಕಾಗದದಲ್ಲಿ ತಿದ್ದುವಂಥದ್ದೇನೂ ಇಲ್ಲ.

ಇವತ್ತು ನಮ್ಮ ಹಳೆಯ ಪಂಚಾಂಗದ ಕ್ರಿಸ್ಮಸ್ ಹಿಂದಿನ ಸಂಜೆ. ಮೇಜುಬಟ್ಟೆಯ ಕೆಳಗೆ ಹುಲ್ಲು ಹಾಸಿದೆ, ಅಣಬೆ ಸಾರು ಮಾಡಿದೆ, ಗಸಗಸೆ ಜೇನು ಹಾಕಿ ಬೊಬಾಲ್ಕಿ ಉಂಡೆ ಮಾಡಿದೆ. ಇಲ್ಲದವರಿಗೆಂದು ಇಡುವ ತಟ್ಟೆಯನ್ನು ನಿಮ್ಮಪ್ಪನ ಜಾಗದಲ್ಲಿ ಇಟ್ಟೆ. ಆಮೇಲೆ ನಿನ್ನ ಜಾಗದಲ್ಲೂ ಒಂದು ಇಟ್ಟೆ.

ಡಾನ್ಕೊ ಬಂದ. ದವಡೆಯ ತಂತಿ ಬಿಚ್ಚಿದ್ದಾರೆ. ಕಣ್ಣಿನ ಮೇಲೆ ಕರಿಯ ಪಟ್ಟಿ. ಕೂರುವಾಗ ಮೇಜಿನ ಅಂಚು ಕಾಣದೆ ಸಾರು ಚೆಲ್ಲಿದ. ನಾನು ಒರೆಸಲು ಹೋದರೆ ನನ್ನ ಕೈ ತಳ್ಳಿ, ಬಲಗಡೆಯಿಂದ ಬಾ, ಎಡಗಡೆಯಿಂದ ಬಂದರೆ ನನ್ನ ಕೈ ತಾನಾಗಿ ಏಳುತ್ತೆ ಎಂದ.

ಅವನು ಬಂದದ್ದು ಒಂದು ಸಹಿಗಾಗಿ. ತೆರಿಗೆಯವರು ಬಿಗಿ ಹಿಡಿದಿದ್ದಾರೆ. ಬಹಳ ಕಾಲ ಇಟ್ಟುಕೊಂಡಿದ್ದ ಸ್ವಂತ ಆಸ್ತಿಯನ್ನು ಮಾರಿದೆ, ಇದು ಬಂಡವಾಳ ಲಾಭ ಎಂದು ಇವನು ಬರೆದುಕೊಟ್ಟಿದ್ದ. ಅದಕ್ಕೆ ತೆರಿಗೆ ಕಡಿಮೆ. ಪರೀಕ್ಷಕಳು ಒಪ್ಪುತ್ತಿಲ್ಲ. ಹೆಸರು ಮಾರುವುದೇ ನಿನ್ನ ಕಸುಬು, ಇದೂ ಅಂಗಡಿಯ ಸರಕು, ಕಸುಬಿನ ಲಾಭಕ್ಕೆ ಹಾಕುವ ಪೂರಾ ತೆರಿಗೆ ಕಟ್ಟು, ಜೊತೆಗೆ ಸ್ವಂತ ದಂಧೆಯವರ ತೆರಿಗೆಯನ್ನೂ ಕಟ್ಟು ಎನ್ನುತ್ತಾಳೆ. ಅವನ ಮನೆ ಹೋಗುವಷ್ಟಾಗುತ್ತದೆ. ಹೆಸರು ಅವನ ಕೈಗೆ ಹೇಗೆ ಬಂತು, ಯಾಕೆ ಬಂತು ಎಂದು ತಾಯಿ ಪ್ರಮಾಣ ಮಾಡಿ ಬರೆದುಕೊಡಲಿ ಎಂದು ಕೇಳಿದ್ದಾಳೆ. ಅಪ್ಪನ ನೆನಪಿಗೆಂದು ಕೊಟ್ಟೆ, ಮಾರಲು ಅಲ್ಲ ಎಂದು ನಾನು ಬರೆಯಬೇಕಂತೆ.

ಊಟ ತಣ್ಣಗಾಗುತ್ತೆ, ಮೊದಲು ಉಣ್ಣು ಎಂದೆ. ಅವನು ಉಣ್ಣದೆ ಎದ್ದು ಹೋದ. ಹೋಗುವಾಗ ನಿನ್ನ ತಟ್ಟೆಯನ್ನು ನೋಡಿದ. ಎತ್ತಿ ಗೋಡೆಗೆ ಹೊಡೆಯುತ್ತಾನೆ ಎಂದುಕೊಂಡೆ. ಚಮಚವನ್ನು ಸರಿಯಾಗಿಟ್ಟು ಹೋದ.

ನೀನು ಕೇಳಿದ್ದಕ್ಕೆ ಇದರಲ್ಲಿ ಉತ್ತರ ಬರೆದಿಲ್ಲ ಎಂಬುದು ನನಗೆ ಗೊತ್ತಿದೆ.

ತಾಯಿ


ಪಿಟ್ಸ್‌ಬರ್ಗ್
28 ಜನವರಿ 2025

ಅಮ್ಮಾ,

ನಿನಗೆ ಕಾಗದವೇ ಬೇಕು ಅಂದ್ಯಲ್ಲ, ತಗೋ.

ನನ್ನ ದಂಧೆಯವರಲ್ಲಿ ಮೂರ್ಖ ಕೂಡ ಒಂದು ಕೆಲಸ ಮಾಡ್ತಾನೆ. ಮಾರುವ ಹೆಸರುಗಳನ್ನೆಲ್ಲ ಒಂದು ಖಾತೆಯಲ್ಲಿಟ್ಟು, ತನ್ನದಾಗಿ ಉಳಿಸಿಕೊಳ್ಳೋ ಹೆಸರನ್ನು ಬೇರೆ ಖಾತೆಯಲ್ಲಿಡ್ತಾನೆ. ಅದರ ಮೇಲೆ ಮಾರಾಟಕ್ಕಿದೆ ಅನ್ನೋ ಬೋರ್ಡು ಹಾಕಲ್ಲ. ನಾನು ಅಪ್ಪನ ಹೆಸರನ್ನು ಆ ನಾನೂರರ ಜೊತೆಗೇ ತುರುಕಿದೆ. 2017ರ ಫೆಬ್ರವರಿ 11ಕ್ಕೆ ಹೆಸರು ನನ್ನ ಖಾತೆಗೆ ಬಂತು, ಅದೇ ದಿನವೇ ಬೋರ್ಡು ಬಿತ್ತು. ಎರಡೂ ತಾರೀಕು ಪರೀಕ್ಷಕಳ ಮೇಜಿನ ಮೇಲಿದೆ. ಅಷ್ಟು ಅವಸರ ಯಾಕಿತ್ತು ಅಂತ ಕೇಳ್ತಾಳೆ. ಯಾಕಿತ್ತು ಅಂತ ನೀನೇ ಹೇಳಮ್ಮ.

ಆವತ್ತು ಅಡುಗೆಮನೇಲಿ ನಾನು ಬಾಯಿಬಿಡಲಿಲ್ಲ. ನೀನು ಹೇಳ್ತೀಯ ಅಂತ ಕಾದೆ. ನಿನ್ನ ಮಾತನ್ನು ನಿನ್ನ ಮುಂದೆಯೇ ನಾನು ಹೇಳೋದು ಚೆನ್ನಾಗಿರಲ್ಲ ಅಂತ ಗೌರವ ಕೊಟ್ಟೆ. ಆ ಗೌರವಕ್ಕೆ ಒಂದು ಕಣ್ಣು ಕೊಟ್ಟಿದ್ದೀನಿ, ಸಾಲದಾ?

ಎರಡೇ ದಾರಿ. ಒಂದು, ನೆನಪಿಗೆ ಕೊಟ್ಟೆ ಅಂತ ಸುಳ್ಳು ಬರೆದು ನನ್ನ ಮನೆ ಉಳಿಸು. ಇಲ್ಲಾ, ನಿಜ ಬರೆದು ನನ್ನ ಹೆಸರು ಉಳಿಸು. ಅಣ್ಣ ನನ್ನನ್ನು ಕಳ್ಳ ಅಂದುಕೊಂಡೇ ಒಳಗೆ ಕೂತಿದ್ದಾನೆ. ಸುಮ್ಮನೆ ಕಾಫಿ ಬಗ್ಗಿಸೋದನ್ನ ಮಾತ್ರ ಬಿಡು.

ಡಾನ್ಕೊ


ಜಿಲ್ಲಾ ಜೈಲು
20 ಫೆಬ್ರವರಿ 2025

ಅಮ್ಮಾ,

ತಪ್ಪೊಪ್ಪಿಕೊಂಡರೆ ಎಂಟು ವರ್ಷ ಎಂದು ಸರ್ಕಾರಿ ವಕೀಲ ಹೇಳಿ ಕಳಿಸಿದ್ದಾನೆ. ಒಪ್ಪದಿದ್ದರೆ ಹೆಚ್ಚೇ. ಅವನ ವಾದ ಇಷ್ಟು: ಮುದುಕಿ ತಾಯಿ ಹೆದರಿ ಗಡಗಡ ನಡುಗುತ್ತಾ ಕೂತಿದ್ದಳು, ಪಂದ್ಯ ಅಲ್ಲಿಗೆ ನಿಂತುಹೋಗಿತ್ತು, ಇವನು ಅದನ್ನು ಕಂಡೂ ತಮ್ಮನನ್ನು ಬಡಿದ. ಗಂಟೆಗಾಗಿ ಕಾಯುತ್ತಿದ್ದೆ ಎಂದು ನಾನು ಹೇಳಿದರೆ ನಗುತ್ತಾರೆ.

ನನಗೆ ನಲವತ್ತಾರು. ಹೊರಗೆ ಬರುವಾಗ ಐವತ್ತನಾಲ್ಕು. ನಿನಗೆ ಆಗ ಎಪ್ಪತ್ತೊಂಬತ್ತು.

ಇಲ್ಲಿ ಹೋದ ತಿಂಗಳು ಒಬ್ಬ ನನ್ನ ಅನ್ನದ ತಟ್ಟೆಗೆ ಉಗಿದ. ಹೊಡೆದೆ. ಬಿದ್ದ. ಬಿದ್ದ ಮೇಲೂ ಹೊಡೆದೆ. ನಾಲ್ಕು ಜನ ಬಂದು ಎಳೆಯುವವರೆಗೆ ನಿಲ್ಲಿಸಲು ನನಗೆ ಬರಲಿಲ್ಲ. ಹನ್ನೆರಡು ದಿನ ಕತ್ತಲೆ ಕೋಣೆಗೆ ಹಾಕಿದ್ದರು. ಅಲ್ಲಿ ಒಂದೇ ಯೋಚನೆ ಬರುತ್ತಿತ್ತು. ಡಾನ್ಕೊ ಬಲಕ್ಕೆ ತಿರುಗಿದನಲ್ಲ, ಯಾಕೆ ತಿರುಗಿದ? ಎದುರಾಳಿಯಿಂದ ಕಣ್ಣು ತೆಗೆಯಬಾರದೆಂದು ಆರು ವರ್ಷದ ಮಕ್ಕಳಿಗೂ ಗೊತ್ತು.

ಬಲಗಡೆ ಏನಿತ್ತು ಎಂದು ಈಗ ಗೊತ್ತಾಗಿದೆ. ಒಂದೇ ಮಾತು ಕೇಳುತ್ತೇನೆ, ಮತ್ತೆಂದೂ ಕೇಳುವುದಿಲ್ಲ. ನೀನು ಗಡಿಯಾರ ನೋಡುತ್ತಿದ್ದೆಯಾ?

ವಾಸಿಲ್


ಮನ್ರೋ ಕ್ರೀಕ್
11 ಮಾರ್ಚ್ 2025

ತೆರಿಗೆ ಕಚೇರಿಯ ಪರೀಕ್ಷಕರಿಗೆ,

ನನ್ನ ಮಗ ಡಾನ್ಕೊ ಝುರ್ಕೊನ ವಿಚಾರವಾಗಿ ನೀವು ಕೇಳಿದ್ದಕ್ಕೆ ಪ್ರಮಾಣ ಮಾಡಿ ಬರೆಯುತ್ತಿದ್ದೇನೆ. ನಾನು ಹೈಸ್ಕೂಲು ಮುಗಿಸಿದವಳು, ನಿಮ್ಮ ಕಾನೂನು ತಿಳಿಯದು. ನಡೆದದ್ದು ತಿಳಿದಿದೆ.

ಆ ಹೆಸರು ನನ್ನ ಗಂಡನದು. ಅವರು ತೀರಿಕೊಂಡ ಮೇಲೆ ನನಗೆ ಬಂತು. 2017ರ ಜನವರಿಯಲ್ಲಿ ಹಿಮದ ಭಾರಕ್ಕೆ ನಮ್ಮ ಗರಡಿಯ ಮಾಡು ಕುಸಿಯಿತು. ಸರಿಮಾಡಲು ಇಪ್ಪತ್ತೆರಡು ಸಾವಿರ ಡಾಲರ್ ಬೇಕಾಗಿತ್ತು, ನನ್ನಲ್ಲಿ ಇರಲಿಲ್ಲ. ಫೆಬ್ರವರಿ 11ರಂದು ಡಾನ್ಕೊನನ್ನು ಕರೆಸಿ, ಹೆಸರು ನಿನಗೆ ಕೊಟ್ಟಿದ್ದೇನೆ, ಬೆಲೆ ಬಂದಾಗ ಮಾರಿಕೋ, ಈಗ ಮಾಡು ಹಾಕಿಸು ಎಂದೆ. ಅವನು ಬೇಡವೆಂದ. ಸಾಲ ಮಾಡಿ ಮಾಡು ಹಾಕಿಸುತ್ತೇನೆ, ಅಪ್ಪನ ಹೆಸರು ಇರಲಿ ಎಂದ. ಮಗನ ಮುಂದೆ ದಾನಕ್ಕೆ ಕೈ ಒಡ್ಡುವವಳಲ್ಲ ನಾನು. ಇವತ್ತೇ ಮಾರಾಟದ ಬೋರ್ಡು ಹಾಕು, ನಾನು ನೋಡಬೇಕು ಎಂದು ಹಟ ಹಿಡಿದೆ. ನನ್ನ ಎದುರಿಗೇ ಹಾಕಿದ.

ಆದ್ದರಿಂದ ಅದು ನೆನಪಿನ ಕಾಣಿಕೆಯಲ್ಲ. ಮಾರಲೆಂದೇ ಕೊಟ್ಟದ್ದು, ಮಾರಲೆಂದೇ ಇಟ್ಟದ್ದು. ಅದು ಸರಕೇ. ಅವನಿಂದ ಬರಬೇಕಾದದ್ದನ್ನು ತೆಗೆದುಕೊಳ್ಳಿ. ಅವನು ಕಳ್ಳನಲ್ಲ ಎಂಬುದನ್ನೂ ನಿಮ್ಮ ಕಡತದಲ್ಲಿ ಬರೆದುಕೊಳ್ಳಿ.

ತೆಕ್ಲಾ ಝುರ್ಕೊ


ಮನ್ರೋ ಕ್ರೀಕ್
12 ಮಾರ್ಚ್ 2025

ವಾಸಿಲ್,

ತೆರಿಗೆಯವರಿಗೆ ಬರೆದದ್ದರ ಪ್ರತಿ ಇದರ ಜೊತೆಗಿದೆ. ಮೊದಲು ಅದನ್ನು ಓದು, ಆಮೇಲೆ ಇದನ್ನು ಓದು.

ಹೆಸರು ನಿನ್ನದು ಎಂದು ನಾನು ಹೇಳಿದ್ದು ನಿಜ. ಅದನ್ನು ಡಾನ್ಕೊನಿಗೆ ಕೊಟ್ಟದ್ದೂ ನಿಜ. ಮಾಡಿನ ದುಡ್ಡು ನಿಮ್ಮಪ್ಪನ ವಿಮೆಯದು ಎಂದು ನಿನಗೆ ಹೇಳಿದ್ದು ಸುಳ್ಳು. ಹೊಸ ಮಾಡನ್ನು ನೋಡಿ ನೀನು ನನ್ನನ್ನು ತಬ್ಬಿಕೊಂಡು, "ಅಮ್ಮ ಯಾರ ಹಂಗಿಗೂ ಬೀಳಲ್ಲ" ಎಂದೆ. ಆಮೇಲೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಎಂಟು ವರ್ಷ ಬರಲಿಲ್ಲ. ಅಡುಗೆಮನೆಯಲ್ಲಿ ನೀನು ಕೇಳಿದಾಗಲೂ ಬರಲಿಲ್ಲ.

ಇನ್ನು ಗಂಟೆಯ ಮಾತು.

ಎರಡನೆಯ ಸುತ್ತು ಮುಗಿದಾಗ ಡಾನ್ಕೊ ನನ್ನ ಮೂಲೆಗೆ ಬಂದ. ಬಾಯಿಂದ ರಕ್ತ ಇಳಿದು ನನ್ನ ಚಪ್ಪಲಿಯ ಮೇಲೆ ಬಿತ್ತು. "ಅಣ್ಣಂಗೆ ಹೇಳಮ್ಮ. ಇಲ್ದಿದ್ರೆ ಈ ಸುತ್ತು ಮುಗಿದ ಮೇಲೆ ನಾನೇ ಹೇಳ್ತೀನಿ" ಎಂದ.

ಸುತ್ತು ಮುಗಿಯುವುದು ನನ್ನ ಕೈಯಲ್ಲಿತ್ತು.

ನೀನು ಕೇಳಿದೆ. ಹೌದು, ಗಡಿಯಾರ ನೋಡುತ್ತಿದ್ದೆ. ಮೂರು ನಿಮಿಷ ದಾಟಿದ್ದನ್ನು ನೋಡಿದೆ, ನಾಲ್ಕು ದಾಟಿದ್ದನ್ನು ನೋಡಿದೆ. ನಿನ್ನ ಮುಷ್ಟಿ ಅವನ ದವಡೆಗೆ ಬಿದ್ದಾಗ, ಇನ್ನು ಇವನು ಮಾತಾಡಲಾರ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಾನೇ, ಅವನನ್ನು ಹೆತ್ತವಳು. ನನ್ನ ಕೈ ನಡುಗಲಿಲ್ಲ, ವಾಸಿಲ್. ನಡುಗಿದ್ದರೆ ಕೈಯಲ್ಲಿದ್ದ ಸುತ್ತಿಗೆ ತಾನಾಗಿ ಗಂಟೆಗೆ ತಾಗುತ್ತಿತ್ತೇನೋ. ಗಟ್ಟಿಯಾಗಿ ಹಿಡಿದಿದ್ದೆ.

ಅವನು ತಿರುಗಿದ್ದು ನನ್ನ ಕಡೆಗೆ. ಗಂಟೆ ಯಾಕೆ ಬರಲಿಲ್ಲ ಎಂದು ನೋಡಲು. ನಮ್ಮಿಬ್ಬರ ಕಣ್ಣು ಸೇರಿದವು. ಅವನಿಗೆ ಅರ್ಥವಾಯಿತು. ಆ ಎಡಗಣ್ಣು ಕೊನೆಯದಾಗಿ ನೋಡಿದ್ದು ನನ್ನನ್ನು, ಸುತ್ತಿಗೆಯನ್ನು ಬಿಗಿ ಹಿಡಿದು ಕೂತ ನನ್ನನ್ನು. ಆಮೇಲೆ ನೀನು ಹೊಡೆದೆ.

ಅವನು ಬಿದ್ದ ಮೇಲೆ ಗಡಿಯಾರದ ಗುಂಡಿ ಒತ್ತಿದೆ. ಮುಳ್ಳು ಐದು ನಿಮಿಷ ನಲವತ್ತು ಸೆಕೆಂಡಿನಲ್ಲಿ ನಿಂತಿದೆ. ಅದನ್ನು ಮತ್ತೆ ಸೊನ್ನೆಗೆ ತಂದಿಲ್ಲ. ನಾಳೆ ಅದನ್ನು ನಿನ್ನ ವಕೀಲನ ಕೈಗೆ ಕೊಡುತ್ತೇನೆ. ನ್ಯಾಯಾಲಯದಲ್ಲಿ ನಿಂತು ಇದನ್ನೇ ಹೇಳುತ್ತೇನೆ. ನಿನ್ನ ಮೇಲಿನದು ನನ್ನ ಮೇಲೆ ಬಂದರೆ ಬರಲಿ ಎಂದು ವಕೀಲನಿಗೆ ಫೋನಿನಲ್ಲಿ ಹೇಳಿದೆ. ಹೆದರಿದ್ದೆ ಎಂದು ಹೇಳಿ, ಜನ ಮರುಗುತ್ತಾರೆ ಎಂದು ಅವನು ಇನ್ನೂ ಹೇಳುತ್ತಿದ್ದಾನೆ. ನಾನು ಮೂವತ್ತು ವರ್ಷ ಈ ಕಣಿವೆಯ ಪಂದ್ಯಗಳಿಗೆಲ್ಲ ಸಮಯ ಹಿಡಿದವಳು. ಒಂದು ಸೆಕೆಂಡು ಹಿಂದುಮುಂದಾಯಿತೆಂದು ಯಾರೂ ದೂರಿಲ್ಲ. ಅವರ ಮರುಕ ನನಗೆ ಬೇಡ.

ಕ್ಷಮಿಸು ಎಂದು ಬರೆಯಲು ಎರಡು ಸಲ ಕೂತೆ. ನಾನು ಅದನ್ನು ಯಾರಿಗೂ ಬರೆದವಳಲ್ಲ, ಬರೆದರೆ ಸುಳ್ಳಿನ ಹಾಗೆ ಕಾಣುತ್ತದೆ. ಗಡಿಯಾರ ಕೊಡುತ್ತಿದ್ದೇನೆ.

ತೆಕ್ಲಾ


ರಾಜ್ಯ ಸೆರೆಮನೆ
2 ಜೂನ್ 2025

ಅಮ್ಮಾ,

ಎಂಟು ವರ್ಷದ ಶಿಕ್ಷೆ ಹೋಗಿ ಮೂರು ವರ್ಷ ಆಗಿದೆ. ನಿನಗೆ ಒಂದೂವರೆ ವರ್ಷ ಮನೆಯಲ್ಲೇ ಕಾವಲು, ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಎಂದು ವಕೀಲ ಹೇಳಿದ. ನೀನು ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ನಾನು ತಲೆ ಎತ್ತಲಿಲ್ಲ. ಧ್ವನಿ ಕೇಳಿದೆ. ನ್ಯಾಯಾಧೀಶರು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರಂತೆ.

ನಿನ್ನ ಕಾಗದವನ್ನು ಹರಿದು ಕಕ್ಕಸಿಗೆ ಹಾಕಿದೆ. ಆದರೂ ಪೂರ್ತಿ ಬಾಯಿಗೆ ಬರುತ್ತದೆ.

ನಿನ್ನೆ ಡಾನ್ಕೊ ಬಂದಿದ್ದ. ಮನೆ ಮಾರಿ ತೆರಿಗೆ ಕಟ್ಟಿದನಂತೆ. ಕುರ್ಚಿಯನ್ನು ಓರೆಯಾಗಿ ಎಳೆದುಕೊಂಡು ಕೂತ, ಬಲಗಣ್ಣಿಗೆ ನಾನು ಕಾಣುವ ಹಾಗೆ. ಗಾಜಿನ ಕಣ್ಣು ಹಾಕಿಸಿದ್ದಾನೆ. ಬಣ್ಣ ಸರಿಯಾಗಿ ಕೂಡಿಲ್ಲ ಎಂದೆ. ಅಗ್ಗದ್ದು ಕಣೋ, ಇದಕ್ಕೆ ತೆರಿಗೆ ಹಾಕಿಲ್ಲ ಪುಣ್ಯ ಎಂದ. ನಾನು ನಕ್ಕೆ. ನಕ್ಕದ್ದು ಇಬ್ಬರಿಗೂ ಸರಿಬರಲಿಲ್ಲ, ನಿಲ್ಲಿಸಿದೆವು. "ನಿನ್ನನ್ನ ಕಳ್ಳ ಅಂದೆ" ಎಂದೆ. "ಅಂದೆ" ಎಂದ. ಆಮೇಲೆ ನಮ್ಮಿಬ್ಬರ ನಡುವಿನ ಗಾಜಿನ ಗೋಡೆಗೆ ಕೈಯಿಟ್ಟ. ಬೆರಳ ಗೆಣ್ಣುಗಳಲ್ಲಿ ನನ್ನ ಹಲ್ಲಿನ ಗುರುತು ಇನ್ನೂ ಇದೆ.

ನಿನ್ನ ಮಾತು ಇಬ್ಬರೂ ಎತ್ತಲಿಲ್ಲ.

ಇಲ್ಲಿ ಭೇಟಿಗೆ ಅರ್ಧ ಗಂಟೆ. ಮುಗಿದಾಗ ಬಾಗಿಲ ಬಳಿ ಪೇದೆ ಗಂಟೆ ಹೊಡೆಯುತ್ತಾನೆ, ಹಳೆಯ ಕಾಲದ ಹಿತ್ತಾಳೆ ಗಂಟೆ. ಇಪ್ಪತ್ತೈದು ನಿಮಿಷ ಆಗುತ್ತಿದ್ದಂತೆ ಡಾನ್ಕೊ ಮಾತು ನಿಲ್ಲಿಸಿದ. ನಾನೂ ನಿಲ್ಲಿಸಿದೆ. ಸುತ್ತಲಿನವರೆಲ್ಲ ಅಳುತ್ತಿದ್ದರು, ಮಾತಾಡುತ್ತಿದ್ದರು. ನಾವಿಬ್ಬರು ಮಾತ್ರ ತಿರುಗಿ ಆ ಪೇದೆಯ ಕೈಯನ್ನೇ ನೋಡುತ್ತಾ ಕೂತಿದ್ದೆವು, ಹೊಡೆಯುತ್ತಾನೋ ಇಲ್ಲವೋ ಎಂದು.

ಹೊಡೆದ. ಸರಿಯಾದ ಹೊತ್ತಿಗೆ ಹೊಡೆದ.

ವಾಸಿಲ್